ಪಟ್ಟ ಒಂದು, ಪಹಣಿ ಹಲವು

2024ರ ಲೋಕಸಭಾ ಚುನಾವಣೆಗೆ ಮೈಸೂರು–ಕೊಡಗು ಕ್ಷೇತ್ರದಿಂದ ನಾಮಪತ್ರ ಸಲ್ಲಿಸಿದ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಅವರ ಆಸ್ತಿ ವಿವರವನ್ನು ಪತ್ರಿಕೆಗಳು ಸುದ್ದಿ ಮಾಡಿದವು. ಒಡವೆ, ಠೇವಣಿ ಎಲ್ಲ ಸೇರಿ ಸುಮಾರು 5 ಕೋಟಿ ರೂಪಾಯಿ. ಸ್ವಂತ ಮನೆ ಇಲ್ಲ, ಗುಂಟೆ ಜಮೀನಿಲ್ಲ, ಕಾರೂ ಇಲ್ಲ. ರಾಜಧಾನಿಯ ವರದಿಗಾರರಿಗೆ ಇದು ಸೋಜಿಗ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಓದುಗರಿಗೆ ಅಷ್ಟೇನೂ ಅಲ್ಲ. ಇಲ್ಲಿ ಹತ್ತು ಎಕರೆ ತೆಂಗಿನ ತೋಟದಲ್ಲಿ ಕಾಯಿ ಕೀಳಿಸಿ, ಅಟ್ಟ ತುಂಬಿಸಿ, ಕೊಬ್ಬರಿ ಸುಲಿಸಿ ಮಾರುವ ನಲವತ್ತೈದರ ಮಗನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ತೀರಿಹೋಗಿ ಇಪ್ಪತ್ತು ವರ್ಷವಾದ ತಾತನ ಹೆಸರಿರುತ್ತದೆ. ಪೌತಿ ಖಾತೆ ಮಾಡಿಸಬೇಕೆಂದರೆ ಅತ್ತೆಯಂದಿರು ಒಪ್ಪಬೇಕು, ಚಿಕ್ಕಪ್ಪ ಸಹಿ ಹಾಕಬೇಕು. ಅವರು ಹಾಕುವುದಿಲ್ಲ. ಬ್ಯಾಂಕಿನವರು ಬೆಳೆಸಾಲ ಕೊಡುವುದಿಲ್ಲ. ಮನೆಯ ಯಜಮಾನ ಯಾರು ಎಂದು ಊರಿಗೆಲ್ಲ ಗೊತ್ತು, ನಾಡಕಚೇರಿಗೆ ಮಾತ್ರ ಗೊತ್ತಿಲ್ಲ.

ಅರಮನೆಯ ಕಥೆಯನ್ನು ಈ ಪಹಣಿಯ ಕಡೆಯಿಂದ ನೋಡುವುದೇ ಸರಿ ಎಂದು ನನಗನ್ನಿಸುತ್ತದೆ. ರಾಜಮನೆತನಗಳ ಜಗಳವನ್ನು ನಾವು ಸಾಮಾನ್ಯವಾಗಿ ಶಾಪದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ತಲಕಾಡಿನ ಅಲಮೇಲಮ್ಮನಿಂದ ಶುರುಮಾಡಿ, ಒಂದು ತಲೆಮಾರು ಬಿಟ್ಟು ಒಂದು ತಲೆಮಾರು ಮಕ್ಕಳಿಲ್ಲದ್ದನ್ನು ಎಣಿಸಿ, ದತ್ತು ಬಂದವರನ್ನು ಲೆಕ್ಕ ಹಾಕಿ ಮುಗಿಸುತ್ತೇವೆ. ಕಥೆ ಚೆನ್ನಾಗಿದೆ. ಆದರೆ 1974ರ ನಂತರ ಒಡೆಯರ್ ಮನೆತನದಲ್ಲಿ ನಡೆದದ್ದಕ್ಕೆ ಶಾಪಕ್ಕಿಂತ 1956ರ ಎರಡು ಕಾಯ್ದೆಗಳು, 1971ರ ಒಂದು ತಿದ್ದುಪಡಿ ಹೆಚ್ಚು ಕಾರಣ. ಮನೆಯೊಳಗೆ ಜಗಳವಾದದ್ದರಿಂದ ಯಜಮಾನಿಕೆ ಸಡಿಲವಾಯಿತು ಎಂದು ಹೇಳುವವರಿದ್ದಾರೆ. ನನಗೆ ಕಾಣುವುದು ತಿರುವುಮುರುವು. ಯಜಮಾನಿಕೆ ಹೋದ ಮೇಲೆಯೇ ಮನೆಯ ಜಗಳ ಬೀದಿಗೆ, ಬೀದಿಯಿಂದ ಕೋರ್ಟಿಗೆ ಬಂತು.

ತೆಂಗಿನ ಸೀಮೆಗೆ ದೊರೆತನ ಕರಗುವುದು ಹೊಸದೇನಲ್ಲ. ಚಿಕ್ಕನಾಯಕನಹಳ್ಳಿಗೆ ಹೆಸರು ಬಂದದ್ದೇ ಹಾಗಲವಾಡಿ ಪಾಳೆಯಗಾರರ ಚಿಕ್ಕನಾಯಕನಿಂದ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ಕಡೆಯ ಬಹುಭಾಗ ಮೈಸೂರಿನ ಕೈ ಸೇರಿತು. ಹೈದರನ ಹೊತ್ತಿಗೆ ಹಾಗಲವಾಡಿಯ ಪಾಳೆಯಪಟ್ಟೇ ಮುಗಿಯಿತು. ಆಮೇಲೆ ಇಲ್ಲಿಯ ಜನರಿಗೆ ದೊರೆಯೆಂದರೆ ದೂರದ ಮೈಸೂರು, ಕಣ್ಣಿಗೆ ಕಾಣುವ ಸರ್ಕಾರವೆಂದರೆ ಪಟೇಲ, ಶಾನುಭೋಗ. ಆ ಪಟೇಲಿಕೆಯ ಏರ್ಪಾಡನ್ನು ಒಮ್ಮೆ ಗಮನಿಸಬೇಕು. ಪಟೇಲಿಕೆ ಹೋಗುತ್ತಿದ್ದದ್ದು ಸಾಮಾನ್ಯವಾಗಿ ಹಿರಿಯ ಮಗನಿಗೆ. ಜಮೀನು ಹೋಗುತ್ತಿದ್ದದ್ದು ಎಲ್ಲ ಗಂಡುಮಕ್ಕಳಿಗೆ. ತಮ್ಮಂದಿರು ಪಾಲು ಕೇಳದೆ ಒಟ್ಟಿಗೆ ಇರುತ್ತಿದ್ದರೆ ಅದಕ್ಕೆ ಅಣ್ಣನ ಮೇಲಿನ ಪ್ರೀತಿಯೊಂದೇ ಕಾರಣವಲ್ಲ. ಒಡೆದರೆ ಪಟೇಲರ ಮನೆಯವರು ಎಂಬ ಹೆಸರು ಒಂದು ಪಾಲಿಗೆ ಮಾತ್ರ ಹೋಗುತ್ತದೆ ಎಂಬ ಲೆಕ್ಕವೂ ಇತ್ತು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಿತು, 1963ರಿಂದ ಅದು ಜಾರಿಗೆ ಬಂತು. ಆಮೇಲೆ ತಮ್ಮಂದಿರನ್ನು ಹಿಡಿದಿಟ್ಟ ಆ ಲೆಕ್ಕವೂ ಇಲ್ಲವಾಯಿತು. ಎರಡು ಅಂಕಣದ ಪಟೇಲರ ಮನೆಗೆ ನಡುವೆ ಗೋಡೆ ಎದ್ದದ್ದು, ಕಂಬಕ್ಕೊಂದು ಮೀಟರು ಬಂದದ್ದು ಹೀಗೆ. ಮೈಸೂರು ಅರಮನೆಯಲ್ಲಿ ಇದೇ ಕೆಲಸ ಎಂಟು ವರ್ಷ ತಡವಾಗಿ, ಬಹಳ ದೊಡ್ಡ ಪ್ರಮಾಣದಲ್ಲಿ ಆಯಿತು.

ಹಾಗೆಂದು ಹಿಂದೆ ಅರಮನೆಯಲ್ಲಿ ಜಗಳವೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ನನ್ನ ವಾದಕ್ಕೆ ಅಡ್ಡ ಬರುವ ದೊಡ್ಡ ಉದಾಹರಣೆಯೇ ಮೈಸೂರಿನ ಹದಿನೆಂಟನೆಯ ಶತಮಾನ. 1734ರಲ್ಲಿ ದಳವಾಯಿಗಳು ಏಳನೆಯ ಚಾಮರಾಜ ಒಡೆಯರನ್ನು ಇಳಿಸಿ ಕಬ್ಬಾಳದುರ್ಗಕ್ಕೆ ಕಳಿಸಿದರು. ಪಟ್ಟಕ್ಕೆ ಕೂರಿಸಿದ್ದು ಬಾಲಕ ಇಮ್ಮಡಿ ಕೃಷ್ಣರಾಜರನ್ನು. ಬಾಲಕ ದೊಡ್ಡವನಾಗಿ ಸ್ವತಂತ್ರನಾಗಲು ನೋಡಿದಾಗ ಅರಮನೆಯ ಬಾಗಿಲಿಗೆ ತೋಪು ಹಚ್ಚಿದವನು ಕರಾಚೂರಿ ನಂಜರಾಜಯ್ಯ. ಅವನು ಬರಿಯ ಸರ್ವಾಧಿಕಾರಿಯಲ್ಲ, ದೊರೆಗೆ ಹೆಣ್ಣು ಕೊಟ್ಟ ಮಾವ. ಇದನ್ನು ಸಹಿಸದೆ ಅವನ ಅಣ್ಣ ದಳವಾಯಿ ದೇವರಾಜಯ್ಯ ತನ್ನ ಕುಟುಂಬ, ಪರಿವಾರ ಕಟ್ಟಿಕೊಂಡು ಸತ್ಯಮಂಗಲಕ್ಕೆ ಹೊರಟುಹೋದ. ಅಣ್ಣತಮ್ಮಂದಿರ ನಡುವೆ ರಾಜಿ ಮಾಡಿಸಲು, ಸಂಬಳ ಸಿಗದ ಸೈನಿಕರನ್ನು ಸಮಾಧಾನ ಮಾಡಲು ಬಂದವನು ಹೈದರ್ ಅಲಿ. 1761ರ ಹೊತ್ತಿಗೆ ಅಧಿಕಾರವೆಲ್ಲ ಅವನದೇ ಆಗಿತ್ತು.

ಇಲ್ಲಿ ಜಗಳ ಮೊದಲು, ಅಧಿಕಾರ ಹೋದದ್ದು ನಂತರ ಎನ್ನಬಹುದು. ಆದರೆ ಕೊಂಚ ಹತ್ತಿರ ಹೋದರೆ ಬೇರೆಯೇ ಕಾಣುತ್ತದೆ. ಆ ಹೊತ್ತಿಗೆ ದೊರೆಗೆ ಹೆಸರಿತ್ತು, ಬೊಕ್ಕಸ ಇರಲಿಲ್ಲ. ದಳವಾಯಿಗಳಿಗೆ ಬೊಕ್ಕಸವಿತ್ತು, ಹೆಸರಿರಲಿಲ್ಲ. ಹೆಸರು ಮತ್ತು ಹಣ ಬೇರೆಬೇರೆ ಕೈಗೆ ಹೋದ ಮೇಲೆ ಮಾವ–ಅಳಿಯ, ಅಣ್ಣ–ತಮ್ಮ ಎಂಬ ಸಂಬಂಧಗಳಿಗೆ ತಡೆ ಉಳಿಯಲಿಲ್ಲ. ಹೈದರ್ ಕೂಡ ಒಡೆಯರ ಹೆಸರನ್ನು ಅಳಿಸಲಿಲ್ಲ. ಮನೆತನದಲ್ಲಿ ಗಂಡು ಸಂತಾನ ತೀರಿದಾಗ ಅರಸು ಕುಲದ ಮಕ್ಕಳನ್ನೆಲ್ಲ ಸೇರಿಸಿ, ನಡುವೆ ಆಟದ ಸಾಮಾನು ಹರಡಿ, ಕಠಾರಿ ಹಿಡಿದ ಮಗುವನ್ನು ಆರಿಸಿದನೆಂದು ಕಥೆಯಿದೆ. ಕಥೆ ನಿಜವೋ ಸುಳ್ಳೋ, ದೊರೆಯನ್ನು ಆರಿಸುವ ಹಕ್ಕು ಯಾರ ಕೈಯಲ್ಲಿತ್ತು ಎಂಬುದನ್ನಂತೂ ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಹಕ್ಕು ಇಂಗ್ಲಿಷರದು. ಕಿತ್ತೂರಿನ ದತ್ತಕವನ್ನು ಇಂಗ್ಲಿಷ್ ಅಧಿಕಾರಿ ಥ್ಯಾಕರೆ ಒಪ್ಪದ ಪರಿಣಾಮ 1824ರ ಅಕ್ಟೋಬರಿನ ಯುದ್ಧ. ಮೈಸೂರಿನ ಮುಮ್ಮಡಿ ಕೃಷ್ಣರಾಜರು ಹಾಗೆ ಕತ್ತಿ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. 1831ರಲ್ಲಿ ಆಡಳಿತ ಕಳೆದುಕೊಂಡು ವರ್ಷಕ್ಕೆ 1 ಲಕ್ಷ ವರಹ, ನಿವ್ವಳ ಕಂದಾಯದಲ್ಲಿ ಐದನೇ ಒಂದು ಪಾಲಿನ ಮೇಲೆ ಬದುಕುತ್ತಿದ್ದರು. ಅವರ ಆಯುಧ ಅರ್ಜಿ. ಮೂರು ದಶಕ ಅರ್ಜಿ ಬರೆದರು, ಬರೆಸಿದರು. 1865ರಲ್ಲಿ ಬೆಟ್ಟದಕೋಟೆ ಅರಸು ಮನೆತನದ ಮಗುವನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಲಂಡನ್ ಒಪ್ಪಿತು. 1881ರಲ್ಲಿ ಆ ಹುಡುಗನಿಗೆ, ಅಂದರೆ ಹತ್ತನೆಯ ಚಾಮರಾಜೇಂದ್ರರಿಗೆ, ರಾಜ್ಯ ಮರಳಿತು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ಜಲಾಶಯ ಕಟ್ಟಿದ್ದು ಅವರ ಆಳ್ವಿಕೆಯಲ್ಲೇ. ಮೈಸೂರಿನ ಅರ್ಜಿಗಳಿಂದ ನಮ್ಮ ಸೀಮೆಗೆ ಏನು ಬಂತು ಎಂದು ಕೇಳಿದರೆ ತೋರಿಸಲು ಅದೊಂದಿದೆ.

ಚಾಮರಾಜೇಂದ್ರರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. 1902ರವರೆಗೆ ರಾಜ್ಯಭಾರ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರದು. ಅದಕ್ಕೂ ಮುಂಚೆ ಟಿಪ್ಪುವಿನ ಕಾಲದಲ್ಲಿ ಇಂಗ್ಲಿಷರ ಜೊತೆ ಗುಟ್ಟಾಗಿ ಮಾತುಕತೆ ನಡೆಸಿ ಮನೆತನ ಉಳಿಸಿದವರು ರಾಣಿ ಲಕ್ಷ್ಮಮ್ಮಣ್ಣಿ. ಈ ಮನೆತನದ ಯಜಮಾನಿಕೆ ತೀರಾ ಸಡಿಲವಾದಾಗಲೆಲ್ಲ ಅದನ್ನು ಹಿಡಿದು ನಿಲ್ಲಿಸಿದ್ದು ವಿಧವೆಯರು. ಇದನ್ನು ನಮ್ಮ ಇತಿಹಾಸದ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತವೆ. ನಾನು ಮುಂದೆ ಇದಕ್ಕೇ ಬರಬೇಕಿದೆ.

ಸ್ವಾತಂತ್ರ್ಯದ ನಂತರದ ಮೊದಲ ಇಪ್ಪತ್ತು ವರ್ಷ ಮೈಸೂರು ಅರಮನೆಗೆ ಹೆಚ್ಚು ನೋವಿಲ್ಲದೆ ಕಳೆಯಿತು. ಮೈಸೂರು ಚಲೋ ಚಳವಳಿ ನಡೆದು, 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದ ಮೇಲೂ ಜಯಚಾಮರಾಜ ಒಡೆಯರ್ ರಾಜಪ್ರಮುಖರಾಗಿ, 1956ರಿಂದ ರಾಜ್ಯಪಾಲರಾಗಿ ಉಳಿದರು. ಅಧಿಕಾರ ಹೋಗಿತ್ತು, ಅಧಿಕಾರದ ಕುರ್ಚಿ ಇತ್ತು. ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ. ಅದು ಬರುತ್ತಿದ್ದದ್ದು ಒಬ್ಬರ ಹೆಸರಿಗೆ. ಅರಮನೆಯ ನೌಕರರಿಂದ ಹಿಡಿದು ದೂರದ ದಾಯಾದಿಗಳವರೆಗೆ ಎಲ್ಲರ ಕೈಗೂ ಹಣ ಸೇರುತ್ತಿದ್ದದ್ದು ಆ ಒಬ್ಬರ ಕೈಯಿಂದ. ಸಂವಿಧಾನದ 291ನೆಯ ವಿಧಿ ಕೊಟ್ಟ ಭರವಸೆ ಹಣದ ಭರವಸೆಯಷ್ಟೇ ಆಗಿರಲಿಲ್ಲ. ಈ ಮನೆಗೆ ಇವರೇ ಹಿರಿಯರು ಎಂದು ಭಾರತ ಸರ್ಕಾರವೇ ಬರೆದುಕೊಟ್ಟ ಚೀಟಿಯೂ ಆಗಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 5ನೆಯ ಕಲಮು ಕೂಡ ಒಪ್ಪಂದದ ಪ್ರಕಾರ ಒಬ್ಬನೇ ವಾರಸುದಾರನಿಗೆ ಹೋಗುವ ಅರಸರ ಎಸ್ಟೇಟುಗಳನ್ನು ಹೊರಗಿಟ್ಟಿತ್ತು. ಊರಿನ ಎಲ್ಲ ತೋಟಕ್ಕೂ ಅನ್ವಯಿಸುವ ಪಾಲಿನ ಕಾನೂನು ಅರಮನೆಯ ಹೊಸಿಲಿನ ಆಚೆಗೇ ನಿಂತಿತ್ತು.

1970ರ ಸೆಪ್ಟೆಂಬರಿನಲ್ಲಿ ರಾಜಧನ ರದ್ದು ಮಾಡುವ ಮಸೂದೆ ಲೋಕಸಭೆಯಲ್ಲಿ ಗೆದ್ದು ರಾಜ್ಯಸಭೆಯಲ್ಲಿ ಸೋತಿತು. ಪರವಾಗಿ 149, ವಿರುದ್ಧ 75. ಮೂರನೇ ಎರಡಕ್ಕೆ ಒಂದು ಮತ ಸಾಲಲಿಲ್ಲ. ಕೂಡಲೇ ರಾಷ್ಟ್ರಪತಿಗಳ ಆದೇಶ ಹೊರಡಿಸಿ ಅರಸರ ಮಾನ್ಯತೆಯನ್ನೇ ಕಿತ್ತುಹಾಕಿದರು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. ಮುಂದಿನ ಚುನಾವಣೆಯಲ್ಲಿ ದೊಡ್ಡ ಬಹುಮತ ಪಡೆದ ಇಂದಿರಾ ಗಾಂಧಿ 1971ರ ಡಿಸೆಂಬರಿನಲ್ಲಿ 26ನೆಯ ತಿದ್ದುಪಡಿ ತಂದು ಕೆಲಸ ಮುಗಿಸಿದರು. ಜಯಚಾಮರಾಜ ಒಡೆಯರ್ ತೀರಿಕೊಂಡದ್ದು 1974ರ ಸೆಪ್ಟೆಂಬರ್ 23ರಂದು. ಅವರಿಗೆ ಐವರು ಹೆಣ್ಣುಮಕ್ಕಳು, ಒಬ್ಬನೇ ಮಗ. ಇಪ್ಪತ್ತೊಂದು ವರ್ಷದ ಆ ಮಗ, ಶ್ರೀಕಂಠದತ್ತ ನರಸಿಂಹರಾಜ ಒಡೆಯರ್, ಈ ಮನೆಯಲ್ಲಿ ಸರ್ಕಾರದ ಚೀಟಿಯಿಲ್ಲದೆ ಯಜಮಾನರಾದ ಮೊದಲಿಗರು.

ಆಮೇಲಿನ ನಾಲ್ಕು ದಶಕ ಅವರ ಬದುಕು ಕೋರ್ಟಿಗೂ ಚುನಾವಣೆಗೂ ಹಂಚಿಹೋಯಿತು. ಚುನಾವಣೆಯ ಲೆಕ್ಕವೇ ಯಜಮಾನಿಕೆಯ ಅಳತೆಗೆ ಸಾಕು. 1984, 1989, 1996, 1999ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 1991ರಲ್ಲಿ ಬಿಜೆಪಿಗೆ ಹೋಗಿ ಸೋತರು. ಸೋಲಿಸಿದವರು ಚಂದ್ರಪ್ರಭಾ ಅರಸು, ದೇವರಾಜ ಅರಸರ ಮಗಳು. ಉಳುವವನಿಗೆ ಭೂಮಿ ಕೊಟ್ಟ ಮುಖ್ಯಮಂತ್ರಿಯ ಮಗಳು, ಅದೇ ಅರಸು ಸಮುದಾಯದ ಹೆಣ್ಣುಮಗಳು, ಮಹಾರಾಜರನ್ನು ಮೈಸೂರಿನಲ್ಲೇ ಸೋಲಿಸಿದ್ದು ಒಂದು ಕಾದಂಬರಿಗೆ ಆಗುವಷ್ಟು ವಸ್ತು. ಯಾರೂ ಬರೆದಂತೆ ಕಾಣೆ. 2004ರಲ್ಲಿ ಮತ್ತೆ ಸೋತರು. ಜನ ಕೈ ಮುಗಿಯುತ್ತಿದ್ದರು, ಮಹಾಸ್ವಾಮಿ ಎನ್ನುತ್ತಿದ್ದರು, ಮತವನ್ನು ಬೇರೆ ಲೆಕ್ಕದಲ್ಲಿ ಹಾಕುತ್ತಿದ್ದರು.

ಆಸ್ತಿಯ ಕಥೆ ಇನ್ನೂ ಸಿಕ್ಕು. ಬೆಂಗಳೂರು ಅರಮನೆಯ ಜಾಗವೊಂದನ್ನೇ ತೆಗೆದುಕೊಳ್ಳಿ. 1976ರ ನಗರ ಭೂಮಿತಿ ಕಾಯ್ದೆ ಅದನ್ನು ಹೆಚ್ಚುವರಿ ಎಂದಿತು. ಆ ಕಾಯ್ದೆಯಲ್ಲಿ ಗರಿಷ್ಠ ಪರಿಹಾರ 2 ಲಕ್ಷ ರೂಪಾಯಿ. ಸಂಪತ್ತು ತೆರಿಗೆಯವರು ಅದೇ ಜಾಗಕ್ಕೆ ಕೋಟಿಗಳ ಬೆಲೆ ಕಟ್ಟಿ ತೆರಿಗೆ ಕೇಳಿದರು. ಕಿತ್ತುಕೊಳ್ಳುವಾಗ 2 ಲಕ್ಷ, ತೆರಿಗೆ ಹಾಕುವಾಗ ಕೋಟಿಗಟ್ಟಲೆ. ಈ ತಕರಾರು 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅರಮನೆಯ ಪರವಾಗಿ ತೀರ್ಮಾನವಾಗುವ ಹೊತ್ತಿಗೆ ಶ್ರೀಕಂಠದತ್ತರು ತೀರಿಕೊಂಡು ಎರಡು ವರ್ಷವಾಗಿತ್ತು. ಈ ನಡುವೆ 1996ರಲ್ಲಿ ರಾಜ್ಯ ಸರ್ಕಾರ 472 ಎಕರೆ 16 ಗುಂಟೆಯನ್ನು 11 ಕೋಟಿ ರೂಪಾಯಿಗೆ ಸ್ವಾಧೀನ ಮಾಡಿಕೊಳ್ಳುವ ಕಾಯ್ದೆ ತಂದಿತು. 1998ರಲ್ಲಿ ಮೈಸೂರು ಅರಮನೆಗೂ ಅಂಥದೇ ಒಂದು ಕಾಯ್ದೆ ಬಂತು. ಬೆಂಗಳೂರಿನ ಕಾಯ್ದೆಯನ್ನು ಹೈಕೋರ್ಟು ಎತ್ತಿಹಿಡಿಯಿತು, ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಗಿ ಕೂತಿತು. ಆ ಕಟ್ಟಿನಲ್ಲಿ ಮಹಾರಾಜರೊಬ್ಬರ ಹೆಸರಷ್ಟೇ ಇಲ್ಲ. ಅಕ್ಕತಂಗಿಯರ ಹೆಸರಿದೆ, ಅವರು ತೀರಿಕೊಂಡ ಮೇಲೆ ಅವರ ಮಕ್ಕಳ ಹೆಸರೂ ಸೇರಿದೆ. ಅರಮನೆಯ ಜಾಗ ಅಷ್ಟು ಹೊತ್ತಿಗೆ ಜಂಟಿ ಖಾತೆಯಾಗಿತ್ತು.

ಜಂಟಿ ಖಾತೆಯೆಂದರೆ ಏನು ಎಂದು ತುರುವೇಕೆರೆಯಲ್ಲಾಗಲಿ ತಿಪಟೂರಿನಲ್ಲಾಗಲಿ ಉಪನೋಂದಣಿ ಕಚೇರಿಯ ಮುಂದೆ ಅರ್ಧ ದಿನ ಕೂತವರಿಗೆ ಹೇಳಬೇಕಾಗಿಲ್ಲ. ಹಕ್ಕು ಖುಲಾಸೆ ಪತ್ರಕ್ಕೆ ಅಕ್ಕನನ್ನು ಕರೆತಂದಿರುತ್ತಾರೆ. ಹೊಸ ಸೀರೆ, ಮಡಿಲಿಗೆ ಅಕ್ಕಿ ಬೆಲ್ಲ ಕೊಬ್ಬರಿ, ಅರಿಶಿನ ಕುಂಕುಮಕ್ಕೆಂದು ಕವರಿನಲ್ಲಿ ಇಷ್ಟು ಹಣ. ಪತ್ರಬರಹಗಾರ ಓದುತ್ತಾನೆ: ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ. ಅಕ್ಕ ತಮ್ಮನ ಮುಖ ನೋಡುವುದಿಲ್ಲ, ಬೆರಳಚ್ಚಿನ ಯಂತ್ರದ ಕಡೆ ನೋಡುತ್ತಾಳೆ. ಮೊದಲ ಸಲ ಹೆಬ್ಬೆರಳು ಹಿಡಿಯುವುದಿಲ್ಲ, ಸೆರಗಿನಿಂದ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ಈಚೆಗೆ ಕೆಲವು ಅಕ್ಕಂದಿರು ಬರುವುದಿಲ್ಲ. ಬದಲಿಗೆ ವಕೀಲರ ನೋಟೀಸು ಬರುತ್ತದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿತು, ಅದಕ್ಕೂ ಮೊದಲೇ ಮದುವೆಯಾದವರನ್ನು ಬಿಟ್ಟು. 2005ರಲ್ಲಿ ದೇಶಕ್ಕೆಲ್ಲ ಆ ಹಕ್ಕು ಬಂತು, ಮದುವೆಯ ಷರತ್ತೂ ಹೋಯಿತು. 2020ರಲ್ಲಿ ಸುಪ್ರೀಂ ಕೋರ್ಟು, ಅಪ್ಪ ಆ ದಿನ ಬದುಕಿರಬೇಕಾಗಿಲ್ಲ ಎಂದು ಸ್ಪಷ್ಟಪಡಿಸಿತು. ಮನೆಯ ಮಾನ ಹೋಯಿತು, ಹೆಣ್ಣುಮಕ್ಕಳು ಕೋರ್ಟಿಗೆ ಹೋಗುವ ಕಾಲ ಬಂತು ಎಂದು ಗೊಣಗುವ ಹಿರಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರ ಮಾತಿನಲ್ಲಿ ಅರ್ಧ ಮಾತ್ರ ನಿಜ. ಹೋದದ್ದು ಮಾನವಲ್ಲ, ಒಬ್ಬ ಗಂಡಸು ಹೇಳಿದ್ದೇ ಕೊನೆಯ ಮಾತಾಗುವ ಅನುಕೂಲ.

2013ರ ಡಿಸೆಂಬರ್ 10ರಂದು ಶ್ರೀಕಂಠದತ್ತರು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ ಆಯ್ಕೆಯಾಗಿ ಹತ್ತು ದಿನವೂ ಆಗಿರಲಿಲ್ಲ. ಮಕ್ಕಳಿರಲಿಲ್ಲ, ದತ್ತು ತೆಗೆದುಕೊಂಡಿರಲಿಲ್ಲ. ಮನೆತನದ ರುದ್ರಭೂಮಿ ಮಧುವನದಲ್ಲಿ ಚಿತೆಗೆ ಬೆಂಕಿ ಇಟ್ಟವರು ಹಿರಿಯ ಅಕ್ಕನ ಮಗ. ನಮ್ಮ ಹಳ್ಳಿಗಳಲ್ಲಿ ಕೊಳ್ಳಿ ಇಟ್ಟವನಿಗೆ ಪಾಲಿನಲ್ಲೊಂದು ಮಾತಿರುತ್ತದೆ. ಮೈಸೂರಿನಲ್ಲೂ ಹಲವರು ಹಾಗೇ ಎಣಿಸಿದ್ದರು. ಹದಿನಾಲ್ಕು ತಿಂಗಳು ಅರಮನೆ ಏನೂ ಹೇಳಲಿಲ್ಲ. 2014ರ ದಸರೆಗೆ ಖಾಸಗಿ ದರ್ಬಾರಿಗೆ ಕೂರಲು ಜನವಿಲ್ಲದೆ ಪಟ್ಟದ ಕತ್ತಿಯನ್ನೇ ಇಟ್ಟು ಪೂಜೆ ನಡೆಸಿದರು. 2015ರ ಫೆಬ್ರುವರಿ 23ರಂದು ಶ್ರೀಕಂಠದತ್ತರ ಪತ್ನಿ ಪ್ರಮೋದಾದೇವಿ ಒಡೆಯರ್ ಅವರು ಅದೇ ಹಿರಿಯ ನಾದಿನಿಯ ಮೊಮ್ಮಗನನ್ನು ದತ್ತು ಸ್ವೀಕರಿಸಿದರು. ಅಮೆರಿಕದಲ್ಲಿ ಓದುತ್ತಿದ್ದ ಯದುವೀರ್‌ಗೆ ಆಗ ಇಪ್ಪತ್ತೆರಡು ವರ್ಷ. ಮೇ 28ರಂದು ಪಟ್ಟಾಭಿಷೇಕ. ಬಂಧುಗಳೊಳಗಿನ ಅಸಮಾಧಾನ ಪತ್ರಿಕೆಗಳಲ್ಲಿ ಬಂತು, ಹೋಯಿತು. ತೋಪು ಹಚ್ಚುವುದಿರಲಿ, ದೊಡ್ಡ ದನಿಯಲ್ಲಿ ಮಾತಾಡುವುದಕ್ಕೂ ಯಾರ ಹತ್ತಿರವೂ ಹೆಚ್ಚೇನೂ ಉಳಿದಿರಲಿಲ್ಲ.

ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ತಿರುಳು ಇಲ್ಲಿದೆ. ಹಳೆಯ ಧರ್ಮಶಾಸ್ತ್ರದಲ್ಲಿ ವಿಧವೆ ದತ್ತು ತೆಗೆದುಕೊಂಡರೆ ಆ ಮಗ ಗಂಡ ಸತ್ತ ದಿನದಿಂದಲೇ ಮಗನೆಂದು ಲೆಕ್ಕ. ಆಸ್ತಿ ಆಕೆಯ ಕೈತಪ್ಪಿ ಮಗನಿಗೆ ಹೋಗುತ್ತಿತ್ತು. ದತ್ತು ತೆಗೆದುಕೊಂಡ ಮರುಗಳಿಗೆಯೇ ಅಮ್ಮ ಜೀವನಾಂಶದವಳಾಗುತ್ತಿದ್ದಳು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಇದನ್ನು ತಲೆಕೆಳಗು ಮಾಡಿತು. ಅದರ 12ನೆಯ ಕಲಮಿನ ಪ್ರಕಾರ, ದತ್ತಕಕ್ಕೆ ಮೊದಲೇ ಯಾರಿಗೆ ಆಸ್ತಿ ಬಂದಿದೆಯೋ ಅವರಿಂದ ಅದನ್ನು ದತ್ತುಪುತ್ರ ಕಿತ್ತುಕೊಳ್ಳುವಂತಿಲ್ಲ. 13ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ದತ್ತು ತಾಯಿ ತನ್ನ ಆಸ್ತಿಯನ್ನು ತನಗಿಷ್ಟ ಬಂದವರಿಗೆ ಕೊಡಬಹುದು. ಲಕ್ಷ್ಮಮ್ಮಣ್ಣಿಯವರಿಗಿಲ್ಲದ, ವಾಣಿವಿಲಾಸ ಸನ್ನಿಧಾನದವರಿಗಿಲ್ಲದ ಕಾನೂನಿನ ಬಲ ಇಂದಿನ ರಾಜಮಾತೆಗಿದೆ. ಪಟ್ಟವೇರಿದ ಮಗನ ಆಸ್ತಿ ವಿವರದಲ್ಲಿ ಗುಂಟೆ ಜಮೀನಿಲ್ಲದಿದ್ದರೆ ಈ ಎರಡು ಕಲಮುಗಳನ್ನು ಬಲ್ಲವರು ಬೆರಗಾಗುವುದಿಲ್ಲ. ಯದುವೀರ್ 1,39,262 ಮತಗಳ ಅಂತರದಿಂದ ಗೆದ್ದರು. ಜಮೀನಿಲ್ಲದ್ದು ಮತಕ್ಕೆ ಅಡ್ಡ ಬರಲಿಲ್ಲ.

ಹಾಗಾಗಿ ಅರಮನೆಯ ಯಜಮಾನಿಕೆ ದುರ್ಬಲವಾಗಿದೆ ಎಂದು ಒಂದೇ ಮಾತಿನಲ್ಲಿ ಹೇಳಲು ನನಗೆ ಮನಸ್ಸಾಗುವುದಿಲ್ಲ. ಮನೆಯೊಳಗೆ ಅದು ಗಟ್ಟಿಯಾಗಿಯೇ ಇದೆ, ಹೆಣ್ಣಿನ ಕೈಯಲ್ಲಿದೆ. ಹೊರಗೆ, ಸರ್ಕಾರಿ ಕಚೇರಿಯ ಮುಂದೆ, ಅದು ಎಲ್ಲರಂತೆ ಅರ್ಜಿದಾರ. 2024ರಲ್ಲಿ ಚಾಮುಂಡಿಬೆಟ್ಟಕ್ಕೆ ಪ್ರತ್ಯೇಕ ಪ್ರಾಧಿಕಾರ ಬಂದಾಗ ಪ್ರಮೋದಾದೇವಿಯವರು ಹೈಕೋರ್ಟಿಗೆ ಹೋದರು. 2025ರ ಏಪ್ರಿಲಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಮಾರು 4,500 ಎಕರೆಯ ಬಗ್ಗೆ ಜಿಲ್ಲಾಧಿಕಾರಿಗೆ ಪತ್ರ ಬರೆದರು. ಆಧಾರ, ಸಂಸ್ಥಾನ ವಿಲೀನವಾದಾಗ ಕೇಂದ್ರದ ಜೊತೆ ಆದ ಖಾಸಗಿ ಆಸ್ತಿಯ ಪಟ್ಟಿ. ತಲೆಮಾರುಗಳಿಂದ ಅಲ್ಲಿ ಉಳುತ್ತಿದ್ದ ಹಳ್ಳಿಗರು ಕಂಗಾಲಾದರು. ಜನರನ್ನು ಒಕ್ಕಲೆಬ್ಬಿಸುವ ಉದ್ದೇಶವಿಲ್ಲ ಎಂದು ಅರಮನೆ ಹೇಳಬೇಕಾಯಿತು. ಆ ಹಳ್ಳಿಗರ ಅಳಲನ್ನು ಸಣ್ಣದು ಮಾಡಬಾರದು. ಅವರ ತಾತಂದಿರಿಗೆ ದೊರೆ ಬಾಯಿಮಾತಿನಲ್ಲಿ ಕೊಟ್ಟದ್ದೆಂಬ ಜಮೀನಿಗೆ ದೊರೆಯ ಮನೆಯವರೇ ಎಪ್ಪತ್ತೈದು ವರ್ಷದ ನಂತರ ಕಾಗದ ತೋರಿಸಿದರೆ, ಬಾಯಿಮಾತಿನ ಬೆಲೆಯೇನು? ಹಳೆಯ ಯಜಮಾನಿಕೆ ನಿಂತಿದ್ದದ್ದು ಬಾಯಿಮಾತಿನ ಮೇಲೆ. ಈಗಿನದು ಕಾಗದದ ಮೇಲೆ ನಿಂತಿದೆ.

ಕಾಗದಕ್ಕೆ ಬಲವೂ ಇದೆ ಎನ್ನಿ. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡಲು ಬೇಕಾದ ಬೆಂಗಳೂರು ಅರಮನೆಯ ಸುಮಾರು 15 ಎಕರೆಗೆ ಅಭಿವೃದ್ಧಿ ಹಕ್ಕಿನ ಪತ್ರ ಕೊಡಿ ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದರ ಬೆಲೆ ಸುಮಾರು 3,000 ಕೋಟಿ ರೂಪಾಯಿ. 1996ರಲ್ಲಿ 472 ಎಕರೆಗೆ 11 ಕೋಟಿ ಎಂದಿದ್ದ ಸರ್ಕಾರ ತಬ್ಬಿಬ್ಬಾಗಿ 2025ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಮೊರೆ ಹೋಯಿತು.

ಬೇರೆ ರಾಜಮನೆತನಗಳ ಜೊತೆ ಇಟ್ಟು ನೋಡಿದರೆ ಮೈಸೂರಿನದು ಮರ್ಯಾದೆಯ ಜಗಳ. ಉದಯಪುರದಲ್ಲಿ ಹಿರಿಯ ಮಗನೇ ಅಪ್ಪನ ಮೇಲೆ ದಾವೆ ಹೂಡಿ, ಹಿರಿಯನಿಗೇ ಎಲ್ಲ ಎಂಬ ಪದ್ಧತಿ ಬೇಡ, ಸಮಪಾಲು ಮಾಡಿ ಎಂದು ಕೇಳಿದ. ಅಪ್ಪ ಎಲ್ಲವನ್ನೂ ಕಿರಿಯನ ಕಡೆಗೆ ಬರೆದಿಟ್ಟು 1984ರಲ್ಲಿ ತೀರಿಕೊಂಡರು. ನಲವತ್ತು ವರ್ಷದ ನಂತರ, 2024ರ ನವೆಂಬರಿನಲ್ಲಿ, ಆ ಹಿರಿಯನ ಮಗ ಚಿತ್ತೋರಿನಲ್ಲಿ ಪಟ್ಟ ಕಟ್ಟಿಸಿಕೊಂಡು ಬಂದರೆ ಅರಮನೆಯ ಬಾಗಿಲು ಹಾಕಿತ್ತು. ಹೊರಗೆ ಕಲ್ಲು ತೂರಾಟ. ರಾಮಪುರದ ನವಾಬರ ಆಸ್ತಿ ವಿವಾದದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟು ಒಂದು ಗೆರೆ ಎಳೆಯಿತು. ಹಿರಿಯನಿಗೇ ಎಂಬ ಪದ್ಧತಿ ಗದ್ದುಗೆಗೆ ಮಾತ್ರ, ಖಾಸಗಿ ಆಸ್ತಿಗೆ ಇಲ್ಲ, ಅದು ವೈಯಕ್ತಿಕ ಕಾನೂನಿನ ಪ್ರಕಾರ ಎಲ್ಲ ವಾರಸುದಾರರಿಗೆ. ನೇಪಾಳ, ಬ್ರಿಟನ್ನಿನ ಕಥೆಗಳು ಎಲ್ಲರಿಗೂ ಗೊತ್ತಿರುವಂಥವು. ಆದರೆ ಬ್ರಿಟನ್ನಿನಲ್ಲಿ ಕಿರಿಯ ಮಗ ಮುನಿಸಿಕೊಂಡು ಸಮುದ್ರ ದಾಟಿದರೂ ಗದ್ದುಗೆಗೆ ಸೇರಿದ ಆಸ್ತಿ ಒಡೆಯುವುದಿಲ್ಲ. ನಮ್ಮಲ್ಲಿ ಗದ್ದುಗೆ ಹೋಗಿ ಆಸ್ತಿ ಉಳಿದಿದೆ.

ಒಡೆಯರ ಮನೆಯಲ್ಲಿ ಪಾಲಾಗದೆ ಉಳಿದಿರುವುದು ನವರಾತ್ರಿಯ ಖಾಸಗಿ ದರ್ಬಾರು. ಜಂಬೂಸವಾರಿ ಸರ್ಕಾರದ್ದು, ಅಂಬಾರಿಯಲ್ಲಿ ಕೂರುವುದು ಚಾಮುಂಡೇಶ್ವರಿ. ಆದರೆ ಒಳಗೆ ಚಿನ್ನದ ಸಿಂಹಾಸನದಲ್ಲಿ ಕೂರುವವರು ಒಬ್ಬರೇ. ಆ ಸಿಂಹಾಸನ ಬಿಡಿಬಿಡಿ ಭಾಗಗಳಾಗಿ ಭದ್ರತಾ ಕೊಠಡಿಯಿಂದ ಹೊರಬರುತ್ತದೆ. ಗೆಜ್ಜಗಳ್ಳಿಯ ಜನ ಬಂದು, ಪೂಜೆಯಾದ ಮೇಲೆ ಒಂದೊಂದಾಗಿ ಜೋಡಿಸುತ್ತಾರೆ. ಸಿಂಹದ ತಲೆಯನ್ನು ಮೊದಲ ದಿನದ ಮುಹೂರ್ತಕ್ಕೆ ಕೂರಿಸುತ್ತಾರೆ. ಹಬ್ಬ ಮುಗಿದ ಮೇಲೆ ಮತ್ತೆ ಬಿಚ್ಚಿ ಒಳಗಿಡುತ್ತಾರೆ. ಬಿಚ್ಚಲು ಬರುವಂಥ ಸಿಂಹಾಸನದಲ್ಲೂ ಯಾರೂ ಪಾಲು ಕೇಳಿಲ್ಲವೆಂದರೆ ಅದು ಸಣ್ಣ ಮಾತಲ್ಲ. ನಮ್ಮ ಕಡೆ ಮನೆ ಮೂರಾದರೂ ಮನೆದೇವರ ಪೆಟ್ಟಿಗೆ ಹಿರಿಯನ ಮನೆಯಲ್ಲೇ ಇರುತ್ತದೆ, ಹಬ್ಬಕ್ಕೆ ಮೂರೂ ಒಲೆಯವರು ಅಲ್ಲಿಗೇ ಎಡೆ ತರುತ್ತಾರೆ. ತೋಟದ ಬದುವಿಗಾಗಿ ಮಾತು ಬಿಟ್ಟ ತಮ್ಮನೂ ಬರುತ್ತಾನೆ. ಮಾತಾಡದೆ ಬಂದು, ಮಾತಾಡದೆ ಹೋಗುತ್ತಾನೆ. ಮೈಸೂರಿನ ಬಂಧುಗಳೂ ದರ್ಬಾರಿನ ದಿನ ಹೀಗೇ ಬಂದು ಹೋಗುತ್ತಿರಬಹುದು.

ಮುಂದಿನ ಪ್ರಶ್ನೆ ಬೇರೆ ಬಗೆಯದು. ನಾಲ್ವಡಿ ಕೃಷ್ಣರಾಜರು ಮತ್ತು ಅವರ ತಮ್ಮ ಯುವರಾಜ ಕಂಠೀರವ ನರಸಿಂಹರಾಜರ ನಂತರ ಈ ಮನೆಯಲ್ಲಿ ಇಬ್ಬರು ಗಂಡುಮಕ್ಕಳು ಒಟ್ಟಿಗೆ ಬೆಳೆದಿರಲಿಲ್ಲ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, ಯುವರಾಜರಿಗೆ ಒಬ್ಬನೇ ಮಗ, ಆ ಮಗನಿಗೂ ಒಬ್ಬನೇ ಮಗ. ಹೀಗಾಗಿ ಅಣ್ಣನಿಗೋ ತಮ್ಮನಿಗೋ ಎಂಬ ಮಾತೇ ಒಂದು ಶತಮಾನ ಎದ್ದಿರಲಿಲ್ಲ. ಯದುವೀರ್ ಅವರಿಗೆ 2017ರ ಡಿಸೆಂಬರಿನಲ್ಲಿ ಮೊದಲ ಮಗ, 2024ರ ಅಕ್ಟೋಬರಿನಲ್ಲಿ ಆಯುಧಪೂಜೆಯ ದಿನವೇ ಎರಡನೆಯ ಮಗ ಹುಟ್ಟಿದ್ದಾರೆ. ನಾಲ್ವಡಿಯವರ ಕಾಲದಲ್ಲಿ ಅಣ್ಣ ಮಹಾರಾಜ, ತಮ್ಮ ಯುವರಾಜ ಎಂದು ಇಬ್ಬರಿಗೂ ಒಂದೊಂದು ಪದವಿ ಇತ್ತು, ಇಬ್ಬರ ಖರ್ಚಿಗೂ ಸಂಸ್ಥಾನವಿತ್ತು. ಈ ಇಬ್ಬರಿಗೆ ಅಂಥ ಪದವಿಗಳಿಲ್ಲ. ಅಜ್ಜಿ ಏನು ಬರೆದಿಡುತ್ತಾರೆ, 1996ರ ಕಾಯ್ದೆಯ ಮೇಲ್ಮನವಿ ಏನಾಗುತ್ತದೆ, ಚಾಮರಾಜನಗರದ ಖಾತೆ ಯಾರ ಹೆಸರಿಗೆ ಏರುತ್ತದೆ ಎಂಬುದರ ಮೇಲೆ ಅವರ ಪಾಲು ನಿಂತಿದೆ. ಕಂಕಣ ಕಟ್ಟಿಸಿಕೊಳ್ಳುವವರು ಯಾರು ಎಂದು ಅರಮನೆಯ ಜೋಯಿಸರು ಹೇಳಬಲ್ಲರು. ಉಳಿದದ್ದಕ್ಕೆಲ್ಲ ತಹಶೀಲ್ದಾರರ ಸಹಿ ಬೇಕು.